ಆಸ್ಪತ್ರೆ ಆಚೆ ರಾಜ್ಯದ್ದು, ಬಿಲ್ಲು ನಮ್ಮದು

2025ರ ನವೆಂಬರ್ 26ಕ್ಕೆ ಕೇರಳ ಹೈಕೋರ್ಟು ಖಾಸಗಿ ಆಸ್ಪತ್ರೆಗಳ ಬಗ್ಗೆ ಒಂದು ತೀರ್ಪು ಕೊಟ್ಟಿತಲ್ಲ, ಅದು ಬಂದಾಗ ಕೇರಳದ ಉತ್ತರ ತುದಿ, ಕಾಸರಗೋಡು ಜಿಲ್ಲೆಯ ನಮ್ಮ ಮಂಜೇಶ್ವರ ಕುಂಬಳೆ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಅದೇ ಫಾರ್ವರ್ಡು. ಯಾವ ಚಿಕಿತ್ಸೆಗೆ ಎಷ್ಟು ಅಂತ ರಿಸೆಪ್ಷನ್ನಿನಲ್ಲೂ ವೆಬ್‌ಸೈಟಿನಲ್ಲೂ ಹಾಕ್ಬೇಕು, ಎಮರ್ಜೆನ್ಸಿ ಅಂತ ಬಂದವರನ್ನು ಅಡ್ವಾನ್ಸ್ ಕಟ್ಲಿಲ್ಲ, ಕಾಗದಪತ್ರ ಇಲ್ಲ ಅಂತ ವಾಪಸ್ ಕಳಿಸ್ಲಿಕ್ಕಿಲ್ಲ, ಡಿಸ್ಚಾರ್ಜ್ ಮಾಡುವಾಗ ಇಸಿಜಿ ಎಕ್ಸ್‌ರೇ ಸ್ಕ್ಯಾನ್ ರಿಪೋರ್ಟೆಲ್ಲ ಕೈಗೆ ಕೊಡ್ಬೇಕು, ದೂರು ಕೇಳ್ಲಿಕ್ಕೆ ಒಂದು ಡೆಸ್ಕ್ ಇರ್ಬೇಕು. ಓದಿ ನಾನೂ ಖುಷಿಪಟ್ಟೆ. ಆಮೇಲೆ ಒಂದು ಯೋಚನೆ ಬಂತು. ಅಲ್ಲ ಮಾರಾಯ್ರೇ, ಇದ್ರಲ್ಲಿ ನಮಗೆಂತ ಉಂಟು? ನಮ್ಮಲ್ಲಿ ಯಾರಿಗಾದ್ರೂ ಸೀರಿಯಸ್ ಆದ್ರೆ ನಾವು ಕೇರಳದ ಆಸ್ಪತ್ರೆಗೆ ಹೋಗುದು ಯಾವಾಗ?

ನಾವು ಹೋಗುದು ಮಂಗಳೂರಿಗೆ. ಎದೆನೋವಾ, ಮಂಗಳೂರು. ಹೆರಿಗೆ ಕಾಂಪ್ಲಿಕೇಟ್ ಆಯ್ತಾ, ಮಂಗಳೂರು. ಡಯಾಲಿಸಿಸ್, ಕೀಮೋ, ಮೂಳೆ ಮುರಿದದ್ದು, ಮಗುವಿಗೆ ಜ್ವರ ನೆತ್ತಿಗೇರಿದ್ದು, ಎಲ್ಲದಕ್ಕೂ ಕಾರಿನ ಮುಖ ಕರ್ನಾಟಕದ ಗಡಿ ತಲಪಾಡಿ ಕಡೆಗೇ. ಮಂಜೇಶ್ವರದಿಂದ ಮಂಗಳೂರು ಸುಮಾರು ಇಪ್ಪತ್ತು ಕಿಲೋಮೀಟರು, ತಲಪಾಡಿ ದಾಟಿ ಸ್ವಲ್ಪ ಒಳಗೆ ಹೋದ್ರೆ ದೇರಳಕಟ್ಟೆ, ಅಲ್ಲಿಯೇ ಮೆಡಿಕಲ್ ಕಾಲೇಜುಗಳು. ಕಾಸರಗೋಡು ಟೌನಿನವರಿಗೂ ಐವತ್ತು ಕಿಲೋಮೀಟರಿನ ದಾರಿ ಅಷ್ಟೆ. ದಕ್ಷಿಣಕ್ಕೆ ಹೋದ್ರೆ ಪರಿಯಾರಂ ಉಂಟು, ಕಣ್ಣೂರು ಉಂಟು, ಕೋಝಿಕ್ಕೋಡು ಉಂಟು, ಆದ್ರೆ ಪೈವಳಿಕೆ, ಪೆರ್ಲ, ಬದಿಯಡ್ಕದವರು ಆ ದಿಕ್ಕಿಗೆ ಆಂಬ್ಯುಲೆನ್ಸ್ ತಿರುಗಿಸುದನ್ನು ನಾನಂತೂ ಕಂಡದ್ದು ಕಡಿಮೆ. ಭಾಷೆಯೂ ಒಂದು ಕಾರಣ, ಅಜ್ಜಿಯಂದಿರಿಗೆ ಡಾಕ್ಟ್ರ ಹತ್ರ ತುಳುವಿನಲ್ಲೋ ಕನ್ನಡದಲ್ಲೋ ಹೇಳ್ಲಿಕ್ಕೆ ಆಗ್ಬೇಕಲ್ಲ.

ಹಾಗಾಗಿ ನಮ್ಮ ಪರಿಸ್ಥಿತಿ ಹೇಗೆ ಅಂದ್ರೆ, ಓಟು ಹಾಕುದು ಒಂದು ಸರ್ಕಾರಕ್ಕೆ, ಬಿಲ್ಲು ಕಟ್ಟುವ ಆಸ್ಪತ್ರೆ ಇರುದು ಇನ್ನೊಂದು ಸರ್ಕಾರದ ಕೈಕೆಳಗೆ. ಆಸ್ಪತ್ರೆ ಕಾಯ್ದೆ ಬಗ್ಗೆ ಯಾವ ಚರ್ಚೆ ಆದ್ರೂ ಈ ವಿಷಯ ಯಾರೂ ಎತ್ತುದಿಲ್ಲ. ತಿರುವನಂತಪುರದವರಿಗೆ ಮಂಗಳೂರಿನ ಆಸ್ಪತ್ರೆ ಅವರ ಲೆಕ್ಕಕ್ಕೆ ಬರುದಿಲ್ಲ, ಬೆಂಗಳೂರಿನವರಿಗೆ ನಾವು ಅವರ ಲೆಕ್ಕಕ್ಕೆ ಬರುದಿಲ್ಲ.

2020ರಲ್ಲಿ ಅದು ಎಷ್ಟು ಸತ್ಯ ಅಂತ ಗೊತ್ತಾಯ್ತು. ಲಾಕ್‌ಡೌನ್ ಶುರುವಾದ ಕೂಡ್ಲೆ ಕರ್ನಾಟಕದವರು ತಲಪಾಡಿಯಲ್ಲಿ ರಸ್ತೆ ಬಂದ್ ಮಾಡಿದ್ರು, ಒಳದಾರಿಗಳಲ್ಲಿ ಮಣ್ಣು ತಂದು ಸುರಿದ್ರು. ಮಂಗಳೂರಿನಲ್ಲಿ ಟ್ರೀಟ್‌ಮೆಂಟ್ ನಡೀತಿದ್ದ ಹಾರ್ಟ್ ಪೇಷಂಟುಗಳು, ಕಿಡ್ನಿ ಪೇಷಂಟುಗಳು ಈಚೆಯೇ ಉಳಿದ್ರು, ಗಡಿ ದಾಟ್ಲಿಕ್ಕಾಗದೆ ಹಲವರು ತೀರಿಕೊಂಡ್ರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ತಡೆ ತೆಗೀರಿ ಅಂತ ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು, ಏಪ್ರಿಲ್ 7ಕ್ಕೆ ಇತ್ಯರ್ಥ ಆಗಿದೆ ಅಂತ ಸಾಲಿಸಿಟರ್ ಜನರಲ್ ಹೇಳಿದ್ರು, ಆಮೇಲೆ ಕೋವಿಡ್ ಇಲ್ಲ ಅಂತ ಸರ್ಟಿಫಿಕೇಟ್ ಹಿಡ್ಕೊಂಡು ಹೋಗುವ ವ್ಯವಸ್ಥೆ. ಇದನ್ನು ಎಲ್ಲರೂ ಗಡಿ ಜಗಳ ಅಂತ ನೆನಪಿಟ್ಕೊಂಡಿದ್ದಾರೆ. ನನಗೆ ಅದ್ರಲ್ಲಿ ಕಂಡದ್ದು ಬೇರೆ. ಒಂದು ಇಡೀ ಜಿಲ್ಲೆಯ ಉತ್ತರ ಭಾಗದ ಆರೋಗ್ಯ ಪಕ್ಕದ ರಾಜ್ಯದ ಖಾಸಗಿ ಆಸ್ಪತ್ರೆಗಳ ಮೇಲೆ ನಿಂತಿತ್ತು, ಮತ್ತು ಅದಕ್ಕೆ ಕಾಗದದ ಮೇಲೆ ಯಾರೂ ಜವಾಬ್ದಾರರಲ್ಲ.

ಕಾಯ್ದೆ ವಿಷಯಕ್ಕೆ ಬರ್ತೇನೆ, ಸ್ವಲ್ಪ ಬೋರ್ ಆದ್ರೂ ಓದಿ. ಕೇರಳದಲ್ಲಿ ಇರುದು 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಅಂದ್ರೆ ಆಸ್ಪತ್ರೆ ಕ್ಲಿನಿಕ್ಕುಗಳ ಕಾಯ್ದೆ, 2019ರ ಜನವರಿ 1ರಿಂದ ಜಾರಿ. ಖಾಸಗಿ ಆಸ್ಪತ್ರೆ ಸಂಘದವರೂ ಡಾಕ್ಟ್ರುಗಳ ಸಂಘ ಐಎಂಎಯವರೂ ಅದ್ರ ಕೆಲವು ಸೆಕ್ಷನ್ನುಗಳ ಮೇಲೆ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಎಳೆದದ್ದಕ್ಕೇ ಮೇಲೆ ಹೇಳಿದ ತೀರ್ಪು ಬಂದದ್ದು. ದೂರು ಆಸ್ಪತ್ರೆಯಲ್ಲಿ ಬಗೆಹರೀದಿದ್ರೆ ಅದು ಜಿಲ್ಲಾ ಪ್ರಾಧಿಕಾರಕ್ಕೆ ಹೋಗ್ಬೇಕು, ಅದ್ರ ತಲೆಯಲ್ಲಿ ಕಲೆಕ್ಟ್ರು. ಕರ್ನಾಟಕದ್ದು ಕೆಪಿಎಂಇ ಅಂದ್ರೆ ಖಾಸಗಿ ಆಸ್ಪತ್ರೆಗಳ ಕಾಯ್ದೆ, 2007ರದ್ದು, 2017ರಲ್ಲಿ ತಿದ್ದಿದ್ದು. ಅಲ್ಲಿಯೂ ಜಿಲ್ಲಾ ಮಟ್ಟದಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ, ಅದಕ್ಕೆ ಡೀಸಿ ಅಧ್ಯಕ್ಷ, ಜಿಲ್ಲಾ ಆರೋಗ್ಯಾಧಿಕಾರಿ ಕಾರ್ಯದರ್ಶಿ. ಅಂದ್ರೆ ನಾವು ಮಂಗಳೂರಿನ ಆಸ್ಪತ್ರೆ ಮೇಲೆ ದೂರು ಹೇಳ್ಬೇಕಾದ್ರೆ ನಮ್ಮ ಕಲೆಕ್ಟ್ರ ಆಫೀಸು ಇರುವ ವಿದ್ಯಾನಗರದ ಸಿವಿಲ್ ಸ್ಟೇಷನ್ನಿಗೆ ಹೋಗಿ ಪ್ರಯೋಜನ ಇಲ್ಲ, ದಕ್ಷಿಣ ಕನ್ನಡದ ಡೀಸಿ ಆಫೀಸಿಗೆ ಹೋಗ್ಬೇಕು. ಕಾಯ್ದೆ ಪ್ರಕಾರ ಹೋಗ್ಲಿಕ್ಕೆ ಅಡ್ಡಿ ಇಲ್ಲ, ರೋಗಿ ಯಾವ ರಾಜ್ಯದವನು ಅಂತ ಅಲ್ಲಿ ನೋಡುದಿಲ್ಲ. ಆದ್ರೆ ನಮ್ಮ ಎಂಎಲ್ಎಗೆ ಅಲ್ಲಿ ಫೋನ್ ಮಾಡ್ಲಿಕ್ಕೆ ಯಾವ ಅಧಿಕಾರವೂ ಇಲ್ಲ, ಅಲ್ಲಿಯ ಎಂಎಲ್ಎಗೆ ನಮ್ಮ ಓಟಿನ ಹಂಗಿಲ್ಲ. ಫಾಲೋಅಪ್ ಮಾಡುದು ಯಾರು?

ಕೆಪಿಎಂಇ ತಿದ್ದುಪಡಿ ಸಮಯದ ಗಲಾಟೆ ನೆನಪುಂಟಾ? 2017ರ ನವೆಂಬರು, ಬೆಳಗಾವಿಯಲ್ಲಿ ಅಧಿವೇಶನ, ಆರೋಗ್ಯ ಮಂತ್ರಿ ರಮೇಶ್ ಕುಮಾರ್. ಮೊದಲು ತಂದ ಮಸೂದೆಯಲ್ಲಿ ಖಾಸಗಿ ಆಸ್ಪತ್ರೆಗಳ ದರ ಸರ್ಕಾರ ನಿಗದಿ ಮಾಡುದು, ತಪ್ಪಿದ್ರೆ ಜೈಲು, ಹೀಗೆಲ್ಲ ಇತ್ತು. ಡಾಕ್ಟ್ರುಗಳು ಸ್ಟ್ರೈಕಿಗೆ ಇಳಿದ್ರು, ಕರ್ನಾಟಕದಾದ್ಯಂತ ಒಪಿಡಿ ಬಂದ್. ಕೊನೆಗೆ ಪಾಸಾದ ಕಾಯ್ದೆಯಲ್ಲಿ ದರ ನಿಗದಿ ಉಳಿದದ್ದು ಸರ್ಕಾರಿ ಯೋಜನೆಯಲ್ಲಿ ಬರುವ ರೋಗಿಗಳಿಗೆ ಮಾತ್ರ, ಜೈಲಿನ ಮಾತು ಹೆಚ್ಚಿನದೆಲ್ಲ ಹೋಯ್ತು. ಕೈಯಿಂದ ದುಡ್ಡು ಕೊಡುವವನಿಗೆ ಏನೂ ಇಲ್ಲ. ಮತ್ತೆ ನಾವು ಕೇರಳದವರು, ಕರ್ನಾಟಕದ ಬಿಪಿಎಲ್ ಕಾರ್ಡು ನಮ್ಮಲ್ಲಿ ಎಲ್ಲಿಂದ? ಹೆಚ್ಚಿನವರು ಕೈಯಿಂದ ಕೊಡುವವರೇ, ಇಲ್ಲಾಂದ್ರೆ ಇನ್ಶೂರೆನ್ಸಿನವರು.

ಈಗ ಮಾವನ ಬಿಲ್ಲಿನ ವಿಷಯ ಹೇಳ್ತೇನೆ. ಆಸ್ಪತ್ರೆ ಹೆಸರು ಬೇಡ, ಮಂಗಳೂರಿನದ್ದೇ, ದೊಡ್ಡದೇ. ಮಾವನಿಗೆ ಎದೆಯಲ್ಲಿ ಬ್ಲಾಕ್, ಆಂಜಿಯೋಪ್ಲಾಸ್ಟಿ ಆಯ್ತು, ಒಂದು ಸ್ಟೆಂಟು, ಅಂದ್ರೆ ರಕ್ತನಾಳ ಮುಚ್ಚದ ಹಾಗೆ ಒಳಗೆ ಇಡುವ ಸಣ್ಣ ಕೊಳವೆ. ಡಾಕ್ಟ್ರು ಬಹಳ ಒಳ್ಳೆಯವರು, ಅದನ್ನು ಮೊದಲೇ ಹೇಳ್ತೇನೆ, ರಾತ್ರಿ ಬಂದು ಕೆಲಸ ಮಾಡಿ ಜೀವ ಉಳಿಸಿದ್ದಾರೆ, ಅವರ ಬಗ್ಗೆ ನನಗೊಂದು ಮಾತಿಲ್ಲ. ನನ್ನ ತಕರಾರು ಕೆಳಗಿನ ಮಹಡಿಯ ಬಿಲ್ಲಿಂಗ್ ಕೌಂಟರಿನದ್ದು. ಬಿಲ್ಲು ಪುಟಗಟ್ಟಲೆ, ಸಣ್ಣ ಅಕ್ಷರ, ಅತ್ತೆಗೆ ಕನ್ನಡಕ ಹಾಕಿದ್ರೂ ಕಾಣುದಿಲ್ಲ, ನಾನು ಒಂದೊಂದೇ ಗೆರೆ ಓದಿ ಹೇಳ್ತಾ ಹೋದೆ. ಇಡೀ ಬಿಲ್ಲಿನಲ್ಲಿ ಅನುಮಾನವೇ ಬಾರದ ಒಂದೇ ಒಂದು ಗೆರೆ ಯಾವುದು ಗೊತ್ತುಂಟಾ? ಸ್ಟೆಂಟಿನದ್ದು. ಯಾಕೆಂದ್ರೆ ಅದಕ್ಕೆ ಸರ್ಕಾರ ಬೆಲೆ ಕಟ್ಟಿದೆ. 2017ರ ಫೆಬ್ರವರಿಯಲ್ಲಿ ಎನ್‌ಪಿಪಿಎ ಅಂದ್ರೆ ಔಷಧಿ ಬೆಲೆಯ ಪ್ರಾಧಿಕಾರ ಮದ್ದಿನ ಲೇಪ ಇರುವ ಸ್ಟೆಂಟಿಗೆ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260 ಅಂತ ಮಿತಿ ಹಾಕಿತು, ಅದಕ್ಕಿಂತ ಮೊದಲು ಅದೇ ಸಾಮಾನು ಲಕ್ಷ ದಾಟ್ತಿತ್ತು. ಆಮೇಲೆ ಮಿತಿ ಆಗಾಗ ಬದಲಾಗಿದೆ, ಆದ್ರೆ ಮಿತಿ ಅಂತ ಒಂದು ಉಂಟು.

ಉಳಿದದ್ದಕ್ಕೆ ಇಲ್ಲ. ಕ್ಯಾಥ್‌ಲ್ಯಾಬ್ ಚಾರ್ಜು, ಪ್ರೊಸೀಜರ್ ಚಾರ್ಜು, ಬಲೂನು, ಗೈಡ್‌ವೈರು, ಐಸಿಯು, ಮಾನಿಟರಿಗೆ ಬೇರೆ, ನರ್ಸಿಂಗಿಗೆ ಬೇರೆ, ಡಯಟೀಷಿಯನ್ ಬಂದು ಉಪ್ಪು ಕಡಿಮೆ ಮಾಡಿ ಅಂತ ಹೇಳಿ ಹೋದದ್ದಕ್ಕೆ ಬೇರೆ, ಅಷ್ಟು ಮಾವನಿಗೆ ಅತ್ತೆಯೇ ಮೂವತ್ತು ವರ್ಷದಿಂದ ಫ್ರೀಯಾಗಿ ಹೇಳ್ತಿದ್ದಾರೆ. ಗ್ಲೌಸು ಒಂದು ರಾಶಿ. ಒಂದು ಕಡೆ ಒತ್ತಿದ್ರೆ ಇನ್ನೊಂದು ಕಡೆ ಉಬ್ಬುವ ಬಲೂನಿನ ಹಾಗೆ, ಸ್ಟೆಂಟಿನಲ್ಲಿ ಹೋದ ಲಾಭ ಬೇರೆ ಗೆರೆಗಳಲ್ಲಿ ಬಂದು ಕೂತಿರ್ತದೆ.

ಮತ್ತೆ ರೂಮು. ಇದು ಹೆಚ್ಚಿನವರಿಗೆ ಡಿಸ್ಚಾರ್ಜ್ ದಿನದವರೆಗೆ ಗೊತ್ತಾಗುದಿಲ್ಲ. ನೀವು ಯಾವ ದರ್ಜೆಯ ರೂಮು ತಗೊಳ್ತೀರೋ ಅದಕ್ಕೆ ಸರಿಯಾಗಿ ಡಾಕ್ಟ್ರ ವಿಸಿಟ್ ಚಾರ್ಜು, ಆಪರೇಷನ್ ಚಾರ್ಜು ಎಲ್ಲ ಮೇಲೆ ಹೋಗ್ತದೆ, ಅದೇ ಡಾಕ್ಟ್ರು ಅದೇ ಕತ್ತರಿ. ನಮಗೆ ಸೆಮಿ ಪ್ರೈವೇಟ್ ಖಾಲಿ ಇಲ್ಲ ಅಂತ ಹೇಳಿ ಮೇಲಿನದ್ದು ಕೊಟ್ರು. ಮಾವನ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇತ್ತು, ಮಿತಿ ಮೀರಿದ್ರೆ ಇನ್ಶೂರೆನ್ಸಿನವರು ಬಾಡಿಗೆಯ ವ್ಯತ್ಯಾಸ ಮಾತ್ರ ಅಲ್ಲ, ಅದೇ ಪ್ರಮಾಣದಲ್ಲಿ ಉಳಿದ ಚಾರ್ಜುಗಳನ್ನೂ ಕಡಿತ ಮಾಡ್ತಾರೆ. ಮದ್ದು, ಇಂಪ್ಲಾಂಟು, ಟೆಸ್ಟುಗಳ ಮೇಲೆ ಹಾಗೆ ಕಡಿತ ಮಾಡ್ಲಿಕ್ಕಿಲ್ಲ ಅಂತ ನಿಯಮ ಉಂಟು, ಆದ್ರೆ ಕೌಂಟರಿನಲ್ಲಿ ನಿಂತು ಆ ನಿಯಮ ಹೇಳುವ ತಾಕತ್ತು ಯಾರಿಗೆ ಇರ್ತದೆ? ಬೆಳಿಗ್ಗೆ ಡಿಸ್ಚಾರ್ಜ್ ಅಂತ ಹೇಳಿದವರು ಸಂಜೆ ಆದ್ರೂ ಅಪ್ರೂವಲ್ ಬರ್ಲಿಲ್ಲ ಅಂತ ಕೂರಿಸಿದ್ರು. 2024ರ ಮೇ ತಿಂಗಳ ಐಆರ್‌ಡಿಎಐ ಅಂದ್ರೆ ಇನ್ಶೂರೆನ್ಸ್ ಪ್ರಾಧಿಕಾರದ ಸುತ್ತೋಲೆ ಪ್ರಕಾರ ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ಹೋದ ಮೂರು ಗಂಟೆಯ ಒಳಗೆ ಇನ್ಶೂರೆನ್ಸಿನವರು ಒಪ್ಪಿಗೆ ಕೊಡ್ಬೇಕು, ತಡವಾಗಿ ಆಸ್ಪತ್ರೆ ಹೆಚ್ಚುವರಿ ಚಾರ್ಜ್ ಹಾಕಿದ್ರೆ ಅದು ಅವರದ್ದೇ ತಲೆಗೆ. ನಾನು ಹೇಳಿದೆ. ಕೌಂಟರಿನ ಹುಡುಗಿ ಪಾಪ ಮುಖ ನೋಡಿದ್ಳು, ಅವಳಿಗೆ ಮೇಲಿನವರು ಹೇಳಿದ್ದೇ ಕಾಯ್ದೆ.

ಗ್ಲೌಸು, ಸಿರಿಂಜು, ಕ್ಯಾನುಲಾದ ಬೆಲೆ ಕೇಳಿದ್ರೆ ಒಂದೇ ಉತ್ತರ, ಎಂಆರ್‌ಪಿ ಮೀರಿ ಹಾಕ್ಲಿಲ್ಲ ಸಾರ್. ಹೌದು, ಮೀರ್ಲಿಲ್ಲ. ಆಟ ಇರುದೇ ಅಲ್ಲಿ. 2018ರ ಫೆಬ್ರವರಿಯಲ್ಲಿ ಎನ್‌ಪಿಪಿಎಯವರು ದೆಹಲಿ ಸುತ್ತಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲು ತೆಗೆದು ನೋಡಿದಾಗ ಕೆಲವು ಸಾಮಾನಿನ ಮೇಲೆ 1,737% ವರೆಗೆ ಮಾರ್ಜಿನ್ ಕಂಡಿತ್ತು. ದೊಡ್ಡ ಆಸ್ಪತ್ರೆಗಳು ರಾಶಿ ಆರ್ಡರ್ ಕೊಡ್ತವೆ, ಕಡಿಮೆಗೆ ತಗೊಳ್ತವೆ, ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿ ಮಾತ್ರ ಮೇಲೆಯೇ ಪ್ರಿಂಟ್ ಆಗಿ ಬರ್ತದೆ. ಮಾಮೂಲಿ ಅಂಗಡಿಯಲ್ಲಿ ಗಿರಾಕಿಗೆ ಇಷ್ಟ ಇಲ್ಲಾಂದ್ರೆ ಪಕ್ಕದ ಅಂಗಡಿಗೆ ಹೋಗ್ತಾನೆ, ಐಸಿಯುವಿನಲ್ಲಿ ಮಲಗಿದವನು ಎಲ್ಲಿಗೆ ಹೋಗುದು? ನಮ್ಮ ಫಾರ್ಮಸಿಯಲ್ಲೇ ತಗೊಳ್ಬೇಕು ಅಂತ ಒತ್ತಾಯ ಮಾಡುದ್ರ ವಿಷಯ ಸುಪ್ರೀಂ ಕೋರ್ಟಿಗೂ ಹೋಗಿತ್ತು, 2025ರ ಮಾರ್ಚಿನಲ್ಲಿ ಕೋರ್ಟು ಇದು ರಾಜ್ಯ ಸರ್ಕಾರಗಳು ಪಾಲಿಸಿ ಮಾಡಿ ಸರಿಮಾಡ್ಬೇಕಾದ ವಿಷಯ ಅಂತ ಹೇಳಿ ಬಿಟ್ಟಿತು. ರಾಜ್ಯ ಸರ್ಕಾರ. ನಮ್ಮ ಮಟ್ಟಿಗೆ ಯಾವುದು ಅಂತ ಕೇಳಿದ್ರೆ ಮತ್ತೆ ತಲಪಾಡಿ ಗೇಟಿನಲ್ಲೇ ನಿಂತೆವು.

ಇದೆಲ್ಲ ಡಾಕ್ಟ್ರ ದುರಾಸೆ ಅಂತ ಹೇಳುವವರಿದ್ದಾರೆ, ನನಗೆ ಹಾಗೆ ಅನಿಸುದಿಲ್ಲ. ಮೊದಲು ಆಸ್ಪತ್ರೆ ಅಂದ್ರೆ ಒಬ್ಬ ಡಾಕ್ಟ್ರು ಅವರ ಹೆಂಡತಿ ಸೇರಿ ನಡೆಸುವ ನರ್ಸಿಂಗ್ ಹೋಮು, ಅಥವಾ ಚರ್ಚಿನದ್ದು, ಟ್ರಸ್ಟಿನದ್ದು. ಈಗ ಹಾಗಲ್ಲ. ಮಣಿಪಾಲ್ ಹಾಸ್ಪಿಟಲ್ಸ್ ಕಂಪನಿಯಲ್ಲಿ 59% ಪಾಲು 2023ರಲ್ಲಿ ಸಿಂಗಾಪುರ ಸರ್ಕಾರದ ಹೂಡಿಕೆ ಕಂಪನಿ ಟೆಮಾಸೆಕ್ ಕೈಗೆ ಹೋಯ್ತು. ತಿರುವನಂತಪುರದ ಕಿಮ್ಸ್‌ಹೆಲ್ತ್ ಅದೇ ವರ್ಷ ಅಮೆರಿಕದ ಹೂಡಿಕೆ ಕಂಪನಿ ಬ್ಲ್ಯಾಕ್‌ಸ್ಟೋನ್ ಹಿಡಿತದಲ್ಲಿದ್ದ ಕಂಪನಿ ಕೈಗೆ ಹೋಯ್ತು, ಕೋಝಿಕ್ಕೋಡಿನ ಬೇಬಿ ಮೆಮೋರಿಯಲ್ 2024ರಲ್ಲಿ ಅಮೆರಿಕದ ಇನ್ನೊಂದು ಹೂಡಿಕೆ ಕಂಪನಿ ಕೆಕೆಆರ್ ಕೈಗೆ. ಇವರು ಕೆಟ್ಟವರು ಅಂತ ನಾನು ಹೇಳುದಲ್ಲ, ದುಡ್ಡು ಹಾಕಿದವರು ಕೆಲವು ವರ್ಷ ಬಿಟ್ಟು ಹೆಚ್ಚಿನ ಬೆಲೆಗೆ ಮಾರಿ ಹೋಗ್ಲಿಕ್ಕೆ ಬಂದವರು, ಅವರು ನೋಡುದು ಒಂದು ಬೆಡ್ಡಿನಿಂದ ದಿನಕ್ಕೆ ಎಷ್ಟು ವರಮಾನ ಅಂತ. ಬೆಡ್ಡಿನಲ್ಲಿ ಮಲಗಿದ ಜನ ಪೆರ್ಲದವರೋ ಪುತ್ತೂರಿನವರೋ ಅವರಿಗೆಂತ. ಅಂಥವರ ಮೇಲೆ ಕಣ್ಣಿಡ್ಲಿಕ್ಕೆ ಡೀಸಿ ಆಫೀಸಿನ ಒಂದು ಕಮಿಟಿ, ಅದೂ ಚುನಾವಣೆ, ಪ್ರವಾಹ, ಜಮೀನು ಕೇಸುಗಳ ಮಧ್ಯೆ ಪುರುಸೊತ್ತು ಸಿಕ್ಕಿದಾಗ ಕೂರುವಂಥದ್ದು, ಸಾಕಾಗ್ತದಾ? ಪಶ್ಚಿಮ ಬಂಗಾಳದಲ್ಲಿ 2017ರ ಕಾಯ್ದೆಯಲ್ಲಿ ಇದಕ್ಕೇ ಅಂತ ಒಂದು ಪ್ರತ್ಯೇಕ ಆಯೋಗ ಮಾಡಿದ್ದಾರೆ, ಪರಿಹಾರ ಕೊಡಿಸುವ ಅಧಿಕಾರವೂ ಅದಕ್ಕುಂಟು. ನಮ್ಮ ಎರಡೂ ರಾಜ್ಯಗಳಲ್ಲಿ ಅಂಥದ್ದಿಲ್ಲ.

ಮತ್ತೆ ಇನ್ನೊಂದು ಬದಿಯೂ ಉಂಟು, ಹೇಳದಿದ್ರೆ ಅನ್ಯಾಯ. ನಮ್ಮೂರ ಹತ್ತು ಬೆಡ್ಡಿನ ಕ್ಲಿನಿಕ್ಕಿನ ಡಾಕ್ಟ್ರಿಗೂ ಐನೂರು ಬೆಡ್ಡಿನವರಿಗೂ ಹೆಚ್ಚುಕಡಿಮೆ ಅದೇ ಫಾರಂ, ಅದೇ ರಿಜಿಸ್ಟ್ರೇಷನ್ನು, ಕಸದ ಲೆಕ್ಕ, ಫೈರ್ ಎನ್‌ಒಸಿ. ದೊಡ್ಡವರಿಗೆ ಅದಕ್ಕೆ ಒಂದು ಡಿಪಾರ್ಟ್‌ಮೆಂಟೇ ಉಂಟು, ಸಣ್ಣವರು ರೋಗಿ ನೋಡುದಾ ಫಾರಂ ತುಂಬುದಾ? ಹೀಗೆ ಆದ್ರೆ ಅವರು ಬಾಗಿಲು ಹಾಕ್ತಾರೆ, ದೊಡ್ಡವರಿಗೆ ಗಿರಾಕಿ ಇನ್ನೂ ಹೆಚ್ಚಾಗ್ತದೆ.

ಕೇರಳದ ಕಾಯ್ದೆಯಲ್ಲಿ ನನಗೆ ಸಿಟ್ಟು ಬರುವ ಒಂದು ಜಾಗ ಉಂಟು. ಸೆಕ್ಷನ್ 39, ದರಪಟ್ಟಿ ಮಲಯಾಳಂ ಮತ್ತು ಇಂಗ್ಲಿಷಿನಲ್ಲಿ ಹಾಕ್ಬೇಕು ಅಂತ. ಕಾಸರಗೋಡು, ಮಂಜೇಶ್ವರ ತಾಲೂಕಿನವರಿಗೆ? ರೇಷನ್ ಕಾರ್ಡಿನ ವಿಷಯಕ್ಕೆ, ಪಿಎಸ್‌ಸಿ ಪರೀಕ್ಷೆಗೆ, ಶಾಲೆಗೆ ಕನ್ನಡ ಬೇಕು ಅಂತ ನಾವು ಎಷ್ಟು ವರ್ಷದಿಂದ ಕೂಗ್ತಿದ್ದೇವೆ, ಸಮ್ಮೇಳನ ಮಾಡ್ತೇವೆ, ಮೆರವಣಿಗೆ ಹೋಗ್ತೇವೆ. ಆಸ್ಪತ್ರೆ ದರಪಟ್ಟಿ ಕನ್ನಡದಲ್ಲಿ ಬೇಕು ಅಂತ ಯಾರಾದ್ರೂ ಕೇಳಿದ್ದು ನಾನು ಕೇಳ್ಲಿಲ್ಲ. ಭಾಷಾ ಅಲ್ಪಸಂಖ್ಯಾತರ ಜಾಗದಲ್ಲಿ ಸರ್ಕಾರಕ್ಕೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಕೊಟ್ಟದ್ದು, ಆಸ್ಪತ್ರೆ ಮೇಲಿನ ದೂರನ್ನೂ ಕಲೆಕ್ಟ್ರಿಗೆ ಕನ್ನಡದಲ್ಲೇ ಬರೀಬಹುದು. ಆದ್ರೆ ದರ ಎಷ್ಟು ಅಂತ ಓದ್ಲಿಕ್ಕೇ ಆಗದವನು ಹೆಚ್ಚು ತಗೊಂಡ್ರು ಅಂತ ದೂರು ಕೊಡುದು ಹೇಗೆ? ಕಾಸರಗೋಡಿನಲ್ಲಿ ಈಗ ದೊಡ್ಡ ಖಾಸಗಿ ಆಸ್ಪತ್ರೆಗಳು ಬರ್ಲಿಕ್ಕೆ ಶುರುವಾಗಿದೆ, ಹಾಗಾಗಿ ಇದು ಈಗಲೇ ಕೇಳ್ಬೇಕಾದ ವಿಷಯ.

ನಮ್ಮ ಜಿಲ್ಲೆಯ ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿನ ಕತೆ ನಿಮಗೆ ಗೊತ್ತೇ ಉಂಟು. 2013ರ ನವೆಂಬರ್ 30ಕ್ಕೆ ಕಲ್ಲು ಹಾಕಿದ್ದು, ಕೋವಿಡ್ ಬಂದಾಗ ಓಡಿಹೋಗಿ ಅಕಾಡೆಮಿಕ್ ಬ್ಲಾಕನ್ನೇ ಆಸ್ಪತ್ರೆ ಮಾಡಿದ್ದು, 50 ಎಂಬಿಬಿಎಸ್ ಸೀಟಿಗೆ ಅನುಮತಿ ಸಿಗ್ಲಿಕ್ಕೆ 2025 ಆಗ್ಬೇಕಾಯ್ತು. ಎಂಡೋಸಲ್ಫಾನ್ ಅಂತ ಕೀಟನಾಶಕ ತಿಂದ ಜಿಲ್ಲೆ ಇದು, ಸರ್ಕಾರದ್ದೇ ಪ್ಲಾಂಟೇಷನ್ ಕಾರ್ಪೊರೇಷನ್ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ವಿಷ ಸುರಿದ ಜಿಲ್ಲೆ, ಇಲ್ಲಿ ಒಂದು ನ್ಯೂರಾಲಜಿ ಡಾಕ್ಟ್ರಿಗಾಗಿ ಜನ ಧರಣಿ ಕೂರ್ಬೇಕಾಗಿ ಬಂದಿದೆ. ಸರ್ಕಾರಿ ಆಸ್ಪತ್ರೆ ಗಟ್ಟಿ ಇದ್ದಲ್ಲಿ ಖಾಸಗಿಯವರು ತನ್ನಿಂದ ತಾನೇ ಸ್ವಲ್ಪ ಹದ್ದುಬಸ್ತಿನಲ್ಲಿರ್ತಾರೆ, ರೋಗಿಗೆ ಎದ್ದು ಹೋಗ್ಲಿಕ್ಕೆ ಇನ್ನೊಂದು ಜಾಗ ಇರ್ತದಲ್ಲ. ನಮಗೆ ಆ ಜಾಗ ಇಲ್ಲ.

ಹಾಗಾದ್ರೆ ಎಂತ ಮಾಡುದು? ಎರಡೂ ರಾಜ್ಯದವರು ಕೂತು ಗಡಿ ಜಿಲ್ಲೆಗಳ ರೋಗಿಗಳಿಗೆ ಅಂತ ಒಂದು ಒಪ್ಪಂದ ಮಾಡ್ಬೇಕು, ಕಾಸರಗೋಡಿನ ಡಿಎಂಒ ಅಂದ್ರೆ ಜಿಲ್ಲಾ ವೈದ್ಯಾಧಿಕಾರಿ ಆಫೀಸಿನಲ್ಲಿ ಕೊಟ್ಟ ದೂರು ಮಂಗಳೂರಿನ ಪ್ರಾಧಿಕಾರದ ಫೈಲಿಗೆ ಹೋಗುವ ಹಾಗೆ. ನೀರು ಹಂಚಿಕೆಗೆ ಕೂರ್ತಾರೆ, ಬಸ್ ರೂಟಿಗೆ ಕೂರ್ತಾರೆ, ಇದಕ್ಕೆ ಕೂರ್ಲಿಕ್ಕೆ ಎಂತ ಕಷ್ಟ. ಅದು ಆಗುವವರೆಗೆ ನಮ್ಮ ಕೈಯಲ್ಲಿ ಇರುವ ದಾರಿ ಒಂದುಂಟು, ಇದು ಬಹಳ ಜನಕ್ಕೆ ಗೊತ್ತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸ ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಹಳೇ ಕಾಯ್ದೆಯಲ್ಲಿ ಎದುರು ಪಾರ್ಟಿ ಇರುವ ಊರಿಗೆ ಅಥವಾ ಘಟನೆ ನಡೆದಲ್ಲಿಗೆ ಹೋಗ್ಬೇಕಿತ್ತು, ಈಗ ಮಂಗಳೂರಿನ ಆಸ್ಪತ್ರೆಯನ್ನು ಕಾಸರಗೋಡಿನ ಗ್ರಾಹಕ ಆಯೋಗಕ್ಕೆ ಕರೆಸ್ಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ರೆ ಫೀಸೂ ಇಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ನೋಡ್ತದೆ, ವಕೀಲರು ಇಲ್ಲದೆ ನೀವೇ ವಾದ ಮಾಡ್ಬಹುದು. ರೆಕಾರ್ಡ್ ಬೇಕು ಅಂತ ಬರವಣಿಗೆಯಲ್ಲಿ ಕೇಳಿದ್ರೆ 72 ಗಂಟೆಯ ಒಳಗೆ ಕೊಡ್ಬೇಕು ಅಂತ 2002ರ ಮೆಡಿಕಲ್ ಕೌನ್ಸಿಲ್ ನಿಯಮ. ಬಾಯಲ್ಲಿ ಕೇಳ್ಬೇಡಿ, ಚೀಟಿ ಕೊಟ್ಟು ಸೀಲು ಹಾಕಿಸಿ. ಬರೀ ಒಟ್ಟು ಮೊತ್ತದ ಬಿಲ್ಲು ಕೊಟ್ರೆ ತಗೊಳ್ಬೇಡಿ, ಗೆರೆ ಗೆರೆಯಾಗಿ ಬಿಡಿಸಿದ್ದು ಕೇಳಿ. ರೂಮು ಬದಲಿಸುವಾಗ ನಮ್ಮ ಕೋರಿಕೆಯಲ್ಲಿ ಅಲ್ಲ, ಖಾಲಿ ಇಲ್ಲದ ಕಾರಣ ಅಂತ ಫಾರಂನಲ್ಲೇ ಬರೆಸಿ. ನಾವು ಅದನ್ನು ಬರೆಸ್ಲಿಲ್ಲ, ಆ ರಾತ್ರಿಯಲ್ಲಿ ಯಾರಿಗೆ ಹೊಳೀತದೆ.

ಕೇಸಿಗೆ ಎರಡು ವರ್ಷದ ಗಡುವು. ಮಾವನದ್ದಕ್ಕೆ ಇನ್ನೂ ಸಮಯ ಉಂಟು, ಫೈಲೆಲ್ಲ ನನ್ನ ಹತ್ರವೇ ಉಂಟು. ಮಾವ ಹೇಳ್ತಾರೆ ಬೇಡ ಮಾರಾಯ, ನಾಳೆ ಮತ್ತೆ ಎದೆ ನೋವಾದ್ರೆ ಅಲ್ಲಿಗೇ ಹೋಗ್ಬೇಕಲ್ಲ. ಅತ್ತೆ ಹೇಳ್ತಾರೆ ಹಾಕು, ಡಯಟೀಷಿಯನ್ನಿನ ದುಡ್ಡಾದ್ರೂ ವಾಪಸ್ ಬರ್ಲಿ.